ಸದ್ದಿಲ್ಲದ ಗುಂಡಿ

ಬೆಳಗ್ಗೆ ಹಲ್ಲುಜ್ಜುವ ಹೊತ್ತಿಗೆ ಬಾಗಿಲಲ್ಲಿ ಅವಕಾಶಯ್ಯ ಕಾಣಿಸಿಕೊಂಡರೆ ಒಳಗೆ ಬಿಟ್ಟುಕೊಳ್ಳಬಾರದು ಎಂಬುದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಗುಂಡಿ ಯಜಮಾನರಿಗೂ ಗೊತ್ತಿತ್ತು. ಆದರೆ ಅವರ ಬಾಯಿ ತುಂಬ ಪೇಸ್ಟಿನ ನೊರೆ ಇತ್ತು. ‘ಇವತ್ತು ಪುರುಸೊತ್ತಿಲ್ಲ’ ಎನ್ನಲು ಹೋಗಿ ‘ಬುಳ್ ಬುಳ್’ ಎಂದರು. ಅದನ್ನೇ ಸ್ವಾಗತವೆಂದು ತಿಳಿದ ಅವಕಾಶಯ್ಯ ಒಳಗೆ ಬಂದು, ಇದ್ದುದರಲ್ಲಿ ಗಟ್ಟಿಯಾದ ಕುರ್ಚಿ ಆರಿಸಿ ಕೂತುಬಿಟ್ಟರು. ಅವತ್ತಿನ ಅನಾಹುತಕ್ಕೆಲ್ಲ ಆ ನೊರೆಯೇ ಮೂಲ.

ಅವಕಾಶಯ್ಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಯಾವುದೋ ಸರ್ಕಾರಿ ಕಚೇರಿಯಲ್ಲಿ ಕಡತ ಕಟ್ಟಿ ನಿವೃತ್ತರಾದ ಮೇಲೆ ಅವರು ಸಣ್ಣಪುಟ್ಟ ಉದ್ದಿಮೆಯವರಿಗೆ ಸರ್ಕಾರದ ಸಂಶೋಧನಾ ನೆರವು, ಸೇನೆಯ ಗುತ್ತಿಗೆ, ಅನುದಾನ ಇಂಥವನ್ನು ಹುಡುಕಿಕೊಡುವ ಕಸುಬು ಹಿಡಿದಿದ್ದರು. ‘ನಿಮಗೊಂದು ಅವಕಾಶ ಇದೆ’ ಎಂದೇ ಮಾತು ಶುರುಮಾಡುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಮೇಣದಬತ್ತಿ ಮಾಡುವವನೊಬ್ಬನಿಗೆ ದೀಪಸ್ತಂಭದ ಸಂಶೋಧನೆ ಕೊಡಿಸಿದ್ದರು. ಆತ ಇನ್ನೂ ಸಮುದ್ರ ಹುಡುಕುತ್ತಿದ್ದಾನೆ. ಪೊರಕೆ ಕಟ್ಟುವಾಕೆಗೆ ವಿಮಾನ ಇಳಿಯುವ ದಾರಿ ಗುಡಿಸುವ ಗುತ್ತಿಗೆ ಕೊಡಿಸಿದ್ದರು. ಆಕೆ ಮೊದಲ ವಿಮಾನ ಬಂದ ಕೂಡಲೇ ಪೊರಕೆ ಅಲ್ಲೇ ಎಸೆದು ಓಡಿಬಂದಿದ್ದಳು.

ಇಷ್ಟೆಲ್ಲ ತಿಳಿದೂ ಯಜಮಾನರು ಬಾಯಿ ತೊಳೆದುಕೊಂಡು ಬಂದು ಎದುರಿಗೆ ಕೂತರು. ಕಾರಣ ಇತ್ತು. ಅವರು ಅಂಗಿಯ ಗುಂಡಿ ತಯಾರಿಸುವವರು. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಅಪ್ಪನ ಕಾಲದ ಯಂತ್ರವೊಂದು, ತೂತು ಕೊರೆಯುವ ಇನ್ನೊಂದು, ಗೋಡೆಯುದ್ದಕ್ಕೂ ಬಣ್ಣಬಣ್ಣದ ಗುಂಡಿಗಳ ಡಬ್ಬಿಗಳು. ಒಂದು ಕಾಲದಲ್ಲಿ ಊರಿನ ಅರ್ಧ ಎದೆಗಳು ಅವರ ಗುಂಡಿಯಿಂದಲೇ ಮುಚ್ಚಿಕೊಳ್ಳುತ್ತಿದ್ದವು. ಈಗ ಎಲ್ಲರಿಗೂ ಜಿಪ್ ಬೇಕು. ಆ ಜಿಪ್ ಮಾರುವವನು ಬೇರೆ ಯಾರೋ ಆಗಿದ್ದರೆ ಯಜಮಾನರು ಹೇಗೋ ಸಹಿಸಿಕೊಳ್ಳುತ್ತಿದ್ದರು. ಬೀದಿಯ ತುದಿಯಲ್ಲಿ ಗಾಜಿನ ಬಾಗಿಲಿನ ಅಂಗಡಿ ಹಾಕಿಕೊಂಡಿದ್ದವನು ಅವರ ಸ್ವಂತ ಭಾಮೈದ, ಹೆಂಡತಿಯ ತಮ್ಮ.

ಹಿಂದಿನ ವಾರ ಮನೆಯವರೆಲ್ಲ ಕೂತು ತೀರ್ಮಾನ ಮಾಡಿದ್ದರು. ಈ ದಿನ ಸಂಜೆಯೊಳಗೆ ಗುಂಡಿಗೆ ಒಂದಾದರೂ ದೊಡ್ಡ ಬೇಡಿಕೆ ಬರದಿದ್ದರೆ ಶೆಡ್ಡಿಗೆ ಬೀಗ. ಯಜಮಾನರು ಭಾಮೈದನ ಜಿಪ್ ಅಂಗಡಿಯ ಗಲ್ಲಾದ ಪಕ್ಕ ಕೂತು ಗಿರಾಕಿಗಳಿಗೆ ಬಣ್ಣ ಹೊಂದಿಸಿ ಕೊಡಬೇಕು. ಯಜಮಾನರಿಗೆ ಅದನ್ನು ನೆನೆದರೇ ಊಟ ಸೇರುತ್ತಿರಲಿಲ್ಲ. ಗುಂಡಿ ಒಂದು ಕಿತ್ತುಹೋದರೂ ಉಳಿದವು ಮಾನ ಕಾಯುತ್ತವೆ, ಜಿಪ್ ಕೈಕೊಟ್ಟರೆ ಮೇಲಿಂದ ಕೆಳಗೆ ಒಟ್ಟಿಗೇ ಕೈಕೊಡುತ್ತದೆ ಎಂದು ಅವರು ಕಂಡಕಂಡವರಿಗೆಲ್ಲ ವಿವರಿಸುತ್ತಿದ್ದರು. ಕೇಳುವವರು ತಲೆಯಾಡಿಸಿ, ತಮ್ಮ ಜಾಕೆಟ್ಟಿನ ಜಿಪ್ ಸರ್ರನೆ ಎಳೆದುಕೊಂಡು ಹೋಗುತ್ತಿದ್ದರು.

“ನಿಮಗೊಂದು ಅವಕಾಶ ಇದೆ ಯಜಮಾನ್ರೇ,” ಎಂದರು ಅವಕಾಶಯ್ಯ. “ಅಂತಿಂಥದ್ದಲ್ಲ. ರಕ್ಷಣಾ ಇಲಾಖೆದು.”

ಫೋನನ್ನು ಕೈಯುದ್ದ ದೂರ ಹಿಡಿದು ಓದಿದರು. ರಕ್ಷಣಾ ಸಂಶೋಧನಾ ನೆರವಿಗಾಗಿ ಸಣ್ಣ ಉದ್ದಿಮೆಗಳಿಂದ ಪ್ರಾತ್ಯಕ್ಷಿಕೆ ಆಹ್ವಾನಿಸಿದೆ. ವಿಷಯ: ‘ಯೋಧನು ಕತ್ತಲೆಯಲ್ಲಿ, ಸದ್ದಾಗದಂತೆ, ಅತಿಶೀಘ್ರವಾಗಿ ಗುಂಡಿ ತೆಗೆಯಲು ಅನುಕೂಲವಾಗುವ ಹಗುರ ಸಾಧನ.’ ಆಯ್ಕೆಯಾದವರಿಗೆ ಸಂಶೋಧನೆಗೆ ನಿಧಿ, ಆಮೇಲೆ ಇಡೀ ಸೇನೆಗೆ ಸರಬರಾಜು ಮಾಡುವ ಗುತ್ತಿಗೆ.

ಯಜಮಾನರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಇಷ್ಟು ವರ್ಷ ತಾವೊಬ್ಬರೇ ಗುಂಡಿಯ ಬಗ್ಗೆ ಯೋಚಿಸುತ್ತಿದ್ದೇವೆ ಅಂದುಕೊಂಡಿದ್ದರು. ಸರ್ಕಾರವೂ ಯೋಚಿಸುತ್ತಿತ್ತು. ಇನ್ನೊಮ್ಮೆ ಓದಿ ಎಂದರು. ಅವಕಾಶಯ್ಯ ಓದಿದರು. ಪ್ರಾತ್ಯಕ್ಷಿಕೆಯ ದಿನ ಯಾವುದು ಎಂದು ಒಳಗಿನಿಂದ ಯಜಮಾನತಿ ಕೇಳಿದಾಗ ಅವಕಾಶಯ್ಯ ಕೆಮ್ಮಿ, ಇವತ್ತೇ ಮಧ್ಯಾಹ್ನ, ನಾನು ನಿನ್ನೆಯೇ ಬರಬೇಕೆಂದಿದ್ದೆ, ನೆಗಡಿಯಾಗಿತ್ತು ಎಂದರು.

ಗುಂಡಿ ಯಜಮಾನರ ಮನೆಯಲ್ಲಿ ಯಾವ ಮಾತು ಆಡಿದರೂ ಎದುರುಮನೆಯ ಡ್ರಿಲ್ ಮೇಷ್ಟ್ರಿಗೆ ಕೇಳಿಸುತ್ತಿತ್ತು. ಶಾಲೆಯಲ್ಲಿ ಜನ್ಮವೆಲ್ಲ ಮಕ್ಕಳನ್ನು ಬಲಕ್ಕೆ ತಿರುಗಿಸಿ ಎಡಕ್ಕೆ ತಿರುಗಿಸಿ ನಿವೃತ್ತರಾಗಿದ್ದ ಅವರಿಗೆ ಸೇನೆಯ ಹೆಸರು ಕಿವಿಗೆ ಬಿದ್ದರೆ ಸಾಕು, ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಹಳೆಯ ಖಾಕಿ ಸಮವಸ್ತ್ರ ತೊಟ್ಟುಕೊಂಡೇ ಬಂದು ನಿಂತರು. ಕತ್ತಲಲ್ಲಿ ಸದ್ದಿಲ್ಲದೆ ಗುಂಡಿ ತೆಗೆಯುವ ಅಗತ್ಯ ಯೋಧನಿಗೆ ಯಾಕೆ ಬರುತ್ತದೆ ಎಂದು ಯಜಮಾನತಿ ಕೇಳಿದ್ದಕ್ಕೆ ಅವರೇ ಉತ್ತರ ಕೊಟ್ಟರು.

“ತಾಯೀ, ಪೊದೆಯೊಳಗೆ ಅಡಗಿ ಕೂತಿರ್ತಾನೆ. ಹತ್ತಿರದಲ್ಲೇ ಶತ್ರು. ಆಗ ಹೊಟ್ಟೆ ಕೆಡುತ್ತೆ. ಏನ್ ಮಾಡ್ಬೇಕು ಹೇಳಿ?”

ಇಷ್ಟು ಸ್ಪಷ್ಟವಾದ ಅಗತ್ಯ ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಎಲ್ಲರಿಗೂ ಆಶ್ಚರ್ಯವಾಯಿತು.

ಯಜಮಾನರು ಶೆಡ್ಡಿಗೆ ಹೋಗಿ ತಲೆಗೆ ಟವೆಲ್ ಸುತ್ತಿಕೊಂಡರು. ಅವರು ಯೋಚನೆ ಮಾಡುವ ಕ್ರಮವೇ ಹಾಗೆ. ಟವೆಲ್ ಬಿಚ್ಚುವ ಹೊತ್ತಿಗೆ ಉಪಾಯ ಸಿದ್ಧವಾಗಿತ್ತು. ಗುಂಡಿಗಳನ್ನು ಬಟ್ಟೆಗೆ ಹೊಲಿಯುವುದೇ ಬೇಡ. ಕಾಜದ ಹಿಂದೆ ಮೇಲಿನಿಂದ ಕೆಳಗಿನವರೆಗೆ ಒಂದೇ ದಾರ ಹರಿಯಬೇಕು, ಎಲ್ಲ ಗುಂಡಿಗಳೂ ಆ ದಾರಕ್ಕೆ ಸಿಕ್ಕಿಕೊಂಡು ನಿಂತಿರಬೇಕು. ಕಾಲರಿನ ಬಳಿ ದಾರದ ತುದಿ ಎಳೆದರೆ ಅಂಗಿ, ಪ್ಯಾಂಟು ಎರಡೂ ಒಂದೇ ಉಸಿರಿಗೆ ಬಿಚ್ಚಿಕೊಳ್ಳಬೇಕು. ಯಜಮಾನತಿ ಮೇಷ್ಟ್ರ ಖಾಕಿ ಸಮವಸ್ತ್ರವನ್ನೇ ತೆಗೆದುಕೊಂಡು ಹೊಲಿಗೆ ಯಂತ್ರದ ಮುಂದೆ ಕೂತಳು. ತಮ್ಮನ ಅಂಗಡಿಗೆ ಗಂಡ ಹೋಗಲಿ ಎಂದು ಹೆಚ್ಚು ಒತ್ತಾಯ ಮಾಡಿದ್ದವಳು ಅವಳೇ. ಆದರೂ ಅವತ್ತು ಅವಳ ಕಾಲು ಪೆಡಲಿನ ಮೇಲೆ ಓಡಿದ ಓಟ ನೋಡಿದರೆ, ಗಂಡ ಗೆಲ್ಲಲಿ ಎಂದು ಅವಳಿಗೆ ಎಷ್ಟು ಆಸೆಯಿತ್ತು ಎನ್ನುವುದು ಯಾರಿಗಾದರೂ ಗೊತ್ತಾಗುತ್ತಿತ್ತು.

ಮೊದಲ ಪರೀಕ್ಷೆಯಲ್ಲಿ ಮೇಷ್ಟ್ರು ದಾರ ಎಳೆದ ಕೂಡಲೇ ಗುಂಡಿಗಳೆಲ್ಲ ಕಲ್ಲು ಹಾಸಿನ ಮೇಲೆ ಚಟಪಟನೆ ಉದುರಿ ಮೂಲೆಮೂಲೆಗೂ ಉರುಳಿದವು. ಶತ್ರು ಹಾಗಿರಲಿ, ಪಕ್ಕದ ಬೀದಿಯವರೂ ಏನಾಯಿತೆಂದು ಇಣುಕಿದರು. ಯಜಮಾನತಿ ಅಂಗಿಯ ಒಳಗಡೆಯೇ ಒಂದು ಮೆತ್ತನೆಯ ಚೀಲ ಹೊಲಿದಳು. ಈಗ ಗುಂಡಿಗಳು ಬಿದ್ದರೂ ಹತ್ತಿಯ ಮೇಲೆ ಬಿದ್ದಂತೆ, ಸದ್ದೇ ಇಲ್ಲ.

ಅಷ್ಟರಲ್ಲಿ ಸುದ್ದಿ ತಿಳಿದು ಭಾಮೈದ ಬಂದ. ಅವನು ಕೆಟ್ಟವನಲ್ಲ, ಭಾವನ ಮೇಲೆ ಪ್ರೀತಿಯೇ ಇತ್ತು. ಆದರೆ ಅವನ ಪ್ರೀತಿಯೂ ಅವನ ಜಿಪ್ಪಿನಂತೆ ಯಾವಾಗಲೂ ಒಂದೇ ದಾರಿಯಲ್ಲಿ ಓಡುತ್ತಿತ್ತು.

“ಭಾವ, ಇಷ್ಟೆಲ್ಲ ಒದ್ದಾಟ ಯಾಕೆ? ಒಂದು ಜಿಪ್ ಹಾಕಿದ್ರೆ ಮುಗೀತು. ಸರ್ ಅಂತ ಎಳೀಬಹುದು.”

“ಆ ಸರ್ ಅನ್ನೋದೇ ಬೇಡ ಅಂತಿದೆ ಸರ್ಕಾರ,” ಎಂದರು ಯಜಮಾನರು. ಇಂಥ ಮಾತು ಹೇಳಲು ಅವರು ವರ್ಷಗಟ್ಟಲೆ ಕಾದಿದ್ದರು.

ಭಾಮೈದ ಒಪ್ಪಲಿಲ್ಲ. ಕಿಟಕಿ ಮುಚ್ಚಿ, ದೀಪ ಆರಿಸಿ, ತನ್ನ ಜಾಕೆಟ್ಟಿನ ಜಿಪ್ಪನ್ನು ನಿಧಾನಕ್ಕೆ ಎಳೆದು ತೋರಿಸಿದ. ಬೀದಿಯ ನಾಯಿ ಬೊಗಳಿತು. ದೀಪ ಹಾಕಿದಾಗ ಯಜಮಾನರ ಮುಖದಲ್ಲಿದ್ದ ಸಂತೋಷ ನೋಡಿ ಭಾಮೈದ ಜಿಪ್ಪನ್ನು ಮತ್ತೆ ಮೇಲಕ್ಕೆ ಎಳೆದುಕೊಂಡ. ಆದರೂ ಹೋಗುವಾಗ, ಸಂಜೆ ಅಂಗಡಿಯಲ್ಲಿ ಕಾಯುತ್ತಿರುತ್ತೇನೆ, ಕುರ್ಚಿ ತರಿಸಿಟ್ಟಿದ್ದೇನೆ ಎಂದು ನೆನಪಿಸಿಯೇ ಹೋದ.

ಎರಡನೆಯ ಪರೀಕ್ಷೆ ಅಗತ್ಯಕ್ಕಿಂತ ಹೆಚ್ಚು ಯಶಸ್ವಿಯಾಯಿತು. ಬಸ್ಸಿಗೆ ಹೊರಟಾಗ ಮೇಷ್ಟ್ರು ಸಮವಸ್ತ್ರದಲ್ಲೇ ಬೀದಿಯ ಮಧ್ಯೆ ಎದೆಯುಬ್ಬಿಸಿ ನಡೆಯುತ್ತಿದ್ದರು. ತರಕಾರಿ ಗಾಡಿಯ ಹತ್ತಿರ ಹಳೆಯ ಶಿಷ್ಯೆಯೊಬ್ಬಳು ನಮಸ್ಕಾರ ಮಾಡಿದಳು. ಮೇಷ್ಟ್ರು ಚಟ್ಟನೆ ಸೆಲ್ಯೂಟ್ ಹೊಡೆದರು. ಹೆಬ್ಬೆರಳು ದಾರಕ್ಕೆ ಸಿಕ್ಕಿತು. ಒಂದಿಷ್ಟೂ ಸದ್ದಾಗಲಿಲ್ಲ. ಸದ್ದಾಗದೆ ಇದ್ದುದರಿಂದ ಮೇಷ್ಟ್ರಿಗೂ ಗೊತ್ತಾಗಲಿಲ್ಲ. ತರಕಾರಿ ಕೊಳ್ಳುತ್ತಿದ್ದ ಹೆಂಗಸರೆಲ್ಲ ಒಟ್ಟಿಗೇ ಬೆನ್ನು ತಿರುಗಿಸಿದಾಗಲೇ ಅವರು ಕೆಳಗೆ ನೋಡಿಕೊಂಡದ್ದು. ಯಜಮಾನರು ಅವರನ್ನು ಗೋಣಿತಾಟಿನಲ್ಲಿ ಸುತ್ತಿ ಮನೆಗೆ ಕರೆತಂದು ಮತ್ತೆ ದಾರ ಪೋಣಿಸಬೇಕಾಯಿತು. ಮೇಷ್ಟ್ರು ನಾನು ಬರುವುದಿಲ್ಲ ಎಂದು ಹಟ ಹಿಡಿದರು. ದೇಶಕ್ಕೋಸ್ಕರ ಎಂದು ಅವಕಾಶಯ್ಯ ಕಿವಿಯಲ್ಲಿ ಉಸುರಿದ ಮೇಲೆ, ಕೈಗಳನ್ನು ಜೇಬಿನಿಂದ ತೆಗೆಯುವುದಿಲ್ಲ ಎಂಬ ಷರತ್ತಿನ ಮೇಲೆ ಹೊರಟರು.

ರಕ್ಷಣಾ ಸಂಶೋಧನಾ ಕಚೇರಿಯ ಕಾಯುವ ಕೋಣೆಯಲ್ಲಿ ಬೇರೆ ಸ್ಪರ್ಧಿಗಳೂ ಇದ್ದರು. ಒಬ್ಬ ಗುದ್ದಲಿಗೆ ಹತ್ತಿ ಸುತ್ತಿಕೊಂಡು ಬಂದಿದ್ದ. ಇನ್ನೊಬ್ಬನ ಬಳಿ ಜ್ವರ ಬಂದವರ ಹಾಗೆ ಕಂಬಳಿ ಹೊದ್ದ ಭಾರೀ ಯಂತ್ರವಿತ್ತು. ಮೂರನೆಯವನ ಬುಟ್ಟಿಯೊಳಗೆ ಏನೋ ಪರಪರ ಕೆರೆಯುತ್ತಿತ್ತು. ಪಳಗಿಸಿದ ಹೆಗ್ಗಣಗಳು ಎಂದು ಅವನೇ ಪಿಸುಗುಟ್ಟಿದ. ಗುಂಡಿ ತೆಗೆಯಲು ಹೆಗ್ಗಣ ಯಾಕೆ ಎಂದು ಯಜಮಾನರಿಗೆ ಅರ್ಥವಾಗಲಿಲ್ಲ. ಇವರೆಲ್ಲ ಬೇರೆ ವಿಷಯದವರು, ಒಂದೇ ದಿನ ಎಲ್ಲರನ್ನೂ ಕರೆದಿದ್ದಾರೆ ಎಂದು ಅವಕಾಶಯ್ಯ ಸಮಾಧಾನ ಹೇಳಿದರು. ಹೆಗ್ಗಣದವನು ನಿಮ್ಮ ಸಾಧನ ಎಲ್ಲಿ ಎಂದು ಕೇಳಿದ. ಯಜಮಾನರು ಮೇಷ್ಟ್ರ ಕಾಲರಿನ ಕಡೆ ಬೆರಳು ತೋರಿಸಿ, ಒಂದು ದಾರ ಅಷ್ಟೇ ಎಂದರು. ಹೆಗ್ಗಣದವನ ಮುಖ ಬಿಳಿಚಿಕೊಂಡಿತು.

ಒಳಗೆ ಉದ್ದನೆಯ ಮೇಜಿನ ಹಿಂದೆ ಮೂವರು ಕೂತಿದ್ದರು. ನಡುವೆ ಮೀಸೆಯ ಸೇನಾಧಿಕಾರಿ, ಅವರ ಬಲಕ್ಕೆ ವಿಜ್ಞಾನಿ ಮೇಡಂ, ಎಡಕ್ಕೆ ಬೆಕ್ಕಿನಂತೆ ಮೆತ್ತಗೆ ಕೂತ ಕಡತದ ಗುಮಾಸ್ತ. ಅವಕಾಶಯ್ಯನವರನ್ನು ಬಾಗಿಲಲ್ಲೇ ತಡೆದರು. ಉದ್ದಿಮೆದಾರ ಮತ್ತು ಯೋಧನ ಪಾತ್ರದವರಿಗೆ ಮಾತ್ರ ಪ್ರವೇಶವಂತೆ.

“ನಿಮ್ಮ ಗುಂಡಿ ಎಷ್ಟು ಅಗಲ?” ಎಂದು ಕೇಳಿದರು ಅಧಿಕಾರಿ.

“ಎಲ್ಲಾ ಅಳತೇಲೂ ಇದೆ ಸರ್. ಮಕ್ಕಳಿಗೆ ಬೇರೆ, ದೊಡ್ಡೋರಿಗೆ ಬೇರೆ. ಕೋಟಿಗೆ ಅಂದ್ರೆ ಇನ್ನೂ ದೊಡ್ಡದು.”

“ಕೋಟೆಗೂ ಆಗುತ್ತಾ,” ಎಂದು ಅಧಿಕಾರಿ ಮೀಸೆ ಸವರಿದರು. ಮಕ್ಕಳ ಬಗ್ಗೆಯೂ ಯೋಚಿಸಿದ್ದಾರೆ ನೋಡಿ ಎಂದು ಮೇಡಂ ಬರೆದುಕೊಂಡರು.

“ಆಳೆಷ್ಟು?”

“ಆಳ್ಯಾರೂ ಇಲ್ಲ ಸರ್. ನಾನೊಬ್ಬನೇ. ಮನೆಯವಳು ಸಹಾಯ ಮಾಡ್ತಾಳೆ.”

ಒಬ್ಬನೇ ಮನುಷ್ಯ, ಅವನ ಹೆಂಡತಿ, ಅಷ್ಟರಲ್ಲೇ ಕೆಲಸ ಮುಗಿಯುತ್ತದೆ ಎಂದು ಕೇಳಿ ಮೂವರೂ ಪರಸ್ಪರ ಮುಖ ನೋಡಿಕೊಂಡರು. ಆಮೇಲೆ ಮೇಡಂ ಕನ್ನಡಕ ಏರಿಸಿ ತಮ್ಮ ಪ್ರಶ್ನೆ ಮುಂದಿಟ್ಟರು.

“ಮಣ್ಣಿನ ಸಮಸ್ಯೆ ಬರುತ್ತಲ್ಲ, ಅದಕ್ಕೇನ್ ಮಾಡ್ತೀರಿ?”

“ಮಣ್ಣಾ ಮೇಡಂ? ಒಗೆದ್ರಾಯ್ತು.”

ಎಷ್ಟು ಸರಳ, ನಾವು ಇದಕ್ಕೇ ಒಂದು ಉಪಸಮಿತಿ ಮಾಡಿದ್ದೆವು ಎಂದು ಮೇಡಂ ಗುಮಾಸ್ತನ ಕಡೆ ನೋಡಿದರು. ಯೋಧನೊಬ್ಬನಿಗೆ ಎಷ್ಟು ಗುಂಡಿ ಬೇಕಾಗಬಹುದು ಎಂದು ಅಧಿಕಾರಿ ಕೊನೆಯದಾಗಿ ಕೇಳಿದರು. ಯಜಮಾನರಿಗೆ ಈಗ ಧೈರ್ಯ ಬಂದಿತ್ತು. ಒಬ್ಬನಿಗೆ ಏಳೆಂಟಾದರೂ ಬೇಕು, ಒಂದು ಹೋದರೆ ಇನ್ನೊಂದು ಮಾನ ಕಾಯಬೇಕಲ್ಲ ಎಂದರು. ಅಧಿಕಾರಿ ಮೇಜು ಕುಟ್ಟಿ, ಇದಪ್ಪಾ ಯುದ್ಧತಂತ್ರ ಎಂದರು. ಯಜಮಾನರಿಗೆ ಆ ಕ್ಷಣ ತಮ್ಮ ಅಪ್ಪ ಬದುಕಿರಬೇಕಿತ್ತು ಅನ್ನಿಸಿತು.

ಪ್ರಾತ್ಯಕ್ಷಿಕೆ ಹಿತ್ತಲಿನ ದೊಡ್ಡ ಶೆಡ್ಡಿನಲ್ಲಿ. ನೆಲವೆಲ್ಲ ಮಣ್ಣು, ಮೂಲೆಯ ಮೇಜಿನ ಮೇಲೆ ಸದ್ದು ಅಳೆಯುವ ಯಂತ್ರ. ಸ್ಪರ್ಧಿಗಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟು ಬಾಗಿಲು ಮುಚ್ಚುತ್ತಿದ್ದರು. ಯಜಮಾನರು ಹೊರಗೆ ನಿಂತು ಕೇಳಿಸಿಕೊಂಡರು. ಹತ್ತಿ ಸುತ್ತಿದ ಗುದ್ದಲಿ ಕಲ್ಲಿಗೆ ತಗುಲಿ ಠಣಾರೆಂದಿತು. ಕಂಬಳಿ ಹೊದ್ದ ಯಂತ್ರ ಸೀನಿತು, ಕೆಮ್ಮಿತು, ಹೊಗೆ ಕಾರಿತು. ಹೆಗ್ಗಣಗಳು ಕತ್ತಲಾದದ್ದೇ ಬುಟ್ಟಿಯಿಂದ ಹಾರಿ, ಬಾಗಿಲ ಸಂದಿಯಲ್ಲಿ ನುಸುಳಿ ಹಣಕಾಸು ವಿಭಾಗದ ಕಡೆ ಓಡಿದವು. ಅಲ್ಲಿಂದ ಬಂದ ಕೂಗಾಟದಿಂದ ಸದ್ದಿನ ಮುಳ್ಳು ಕೊನೆಯ ಗೆರೆ ದಾಟಿತು. ಇವರೂ ತಮ್ಮದೇ ವಿಷಯಕ್ಕೆ ಬಂದಿದ್ದಾರೆಯೇ ಎಂಬ ಸಣ್ಣ ಅನುಮಾನ ಯಜಮಾನರಿಗೆ ಬಂದದ್ದು ಆಗಲೇ. ಆದರೆ ಅಷ್ಟರಲ್ಲಿ ಅವರ ಸರದಿ ಬಂತು.

ದೀಪ ಆರಿತು. ಮೇಷ್ಟ್ರು ಜೇಬಿನಿಂದ ಕೈ ತೆಗೆದರು. ದಾರ ಎಳೆದರು. ಸದ್ದಿನ ಯಂತ್ರದ ಮುಳ್ಳು ಸೊನ್ನೆಯಲ್ಲೇ ಮಲಗಿತ್ತು. ಮೂವರೂ ಕಾಯುತ್ತಲೇ ಇದ್ದರು.

“ಯಾವಾಗ ಶುರು ಮಾಡ್ತೀರಿ?” ಕತ್ತಲೊಳಗಿಂದ ಅಧಿಕಾರಿಯ ಧ್ವನಿ.

“ಆಯ್ತು ಸರ್. ತೆಗೆದಾಯ್ತು.”

ದೀಪ ಹೊತ್ತಿಕೊಂಡಿತು. ಮಣ್ಣಿನ ನೆಲದ ಮಧ್ಯೆ ಡ್ರಿಲ್ ಮೇಷ್ಟ್ರು ಬನಿಯನ್ನು, ಪಟ್ಟೆಪಟ್ಟೆಯ ಚಡ್ಡಿಯಲ್ಲಿ ಸೆಲ್ಯೂಟ್ ಹೊಡೆದು ನಿಂತಿದ್ದರು. ಮೇಡಂ ತಮ್ಮ ಕಡತವನ್ನು ಮುಖಕ್ಕೆ ಅಡ್ಡ ಹಿಡಿದರು. ಅಧಿಕಾರಿ ನೆಲದ ಕಡೆ ನೋಡಿದರು, ಶೆಡ್ಡಿನ ನಾಲ್ಕೂ ಮೂಲೆ ನೋಡಿದರು, ಕೊನೆಗೆ ಯಜಮಾನರನ್ನು ನೋಡಿದರು.

“ಗುಂಡಿ ಎಲ್ಲಿ?”

ಯಜಮಾನರು ಹೆಮ್ಮೆಯಿಂದ ಅಂಗಿಯ ಚೀಲಕ್ಕೆ ಕೈಹಾಕಿ ಒಂದು ಹಿಡಿ ಖಾಕಿ ಗುಂಡಿಗಳನ್ನು ಅವರ ಅಂಗೈಗೆ ಸುರಿದರು.

“ಏನ್ರೀ ಇದು? ನಾವು ಕೇಳಿದ್ದು ಗುಂಡಿ. ನೆಲದಲ್ಲಿ ತೋಡೋದು. ಯೋಧ ಒಳಗೆ ಇಳಿದು ಅಡಗಿಕೊಳ್ಳೋ ಗುಂಡಿ.”

ಯಜಮಾನರು ನೆಲದ ಮಣ್ಣನ್ನು ನೋಡಿದರು. ಗುದ್ದಲಿ, ಯಂತ್ರ, ಹೆಗ್ಗಣ ಎಲ್ಲವೂ ಒಂದೇ ಸಲಕ್ಕೆ ಅರ್ಥವಾದವು. ಅಗಲ, ಆಳ, ಮಣ್ಣು ಎಲ್ಲ ಪ್ರಶ್ನೆಗಳೂ ಮರಳಿ ಬಂದು ಒಂದೊಂದಾಗಿ ಕಪಾಳಕ್ಕೆ ಹೊಡೆದಂತಾಯಿತು. ಎದುರಿಗೆ ಭಾಮೈದನ ಗಾಜಿನ ಬಾಗಿಲು ಕಾಣಿಸಿತು. ನೆಲದಲ್ಲಿ ನಿಜವಾಗಿ ಒಂದು ಗುಂಡಿ ಇದ್ದಿದ್ದರೆ ಅದರೊಳಗೆ ಮೊದಲು ಇಳಿಯುತ್ತಿದ್ದವರು ಅವರೇ. ಮೇಷ್ಟ್ರಿಗೆ ಬಟ್ಟೆ ಎತ್ತಿಕೊಟ್ಟು, ಕ್ಷಮಿಸಿ ಎಂದು ಗೊಣಗಿ ಹೊರಡಲು ತಿರುಗಿದರು.

“ಒಂದ್ನಿಮಿಷ,” ಎಂದ ಗುಮಾಸ್ತ. ಅಷ್ಟು ಹೊತ್ತಿನಲ್ಲಿ ಅವನು ಬಾಯಿ ಬಿಟ್ಟದ್ದು ಇದೇ ಮೊದಲು. “ಇವರನ್ನ ಹಾಗೆ ಕಳಿಸೋಕಾಗಲ್ಲ ಸರ್. ಅಂಕ ಕೊಡ್ಬೇಕು.”

ಅಂಕ ಕೊಡುವ ಹಾಳೆಯನ್ನು ಅವನು ಮೇಜಿನ ಮೇಲೆ ಹರಡಿದ. ಸದ್ದು ಮಾಡಿದೆಯೇ? ಇಲ್ಲ, ಪೂರ್ಣ ಅಂಕ. ಬೆಳಕು ಬೇಕಾಯಿತೇ? ಇಲ್ಲ, ಪೂರ್ಣ ಅಂಕ. ಬೇಗ ಆಯಿತೇ? ನಮಗೆ ಗೊತ್ತಾಗುವ ಮೊದಲೇ ಆಗಿತ್ತು, ಪೂರ್ಣ ಅಂಕ. ಸಾಧನದ ತೂಕ? ಒಂದು ದಾರ. ತೆಗೆದ ಗುಂಡಿ ಶತ್ರುವಿನ ಕಣ್ಣಿಗೆ ಬೀಳುತ್ತದೆಯೇ? ನಮ್ಮ ಕಣ್ಣಿಗೇ ಬಿದ್ದಿಲ್ಲ. ಪೂರ್ಣ ಅಂಕ.

“ಆದ್ರೆ ಗುಂಡಿನೇ ಇಲ್ವಲ್ಲಯ್ಯಾ,” ಎಂದರು ಅಧಿಕಾರಿ.

“ಗುಂಡಿ ಇರಬೇಕು ಅನ್ನೋದಕ್ಕೆ ಕಾಲಂ ಇಲ್ಲ ಸರ್. ಮಿಕ್ಕವರೆಲ್ಲ ಸದ್ದಲ್ಲೇ ಬಿದ್ದುಹೋದ್ರು. ಇವತ್ತು ಸಂಜೆಯೊಳಗೆ ಯಾರಿಗೂ ಕೊಡದಿದ್ರೆ ನಿಧಿ ವಾಪಸ್ ಹೋಗುತ್ತೆ. ಯಾಕೆ ಹೋಯ್ತು ಅಂತ ನೀವೇ ವಿವರಣೆ ಬರೀಬೇಕು.”

ಶೆಡ್ಡಿನಲ್ಲಿ ಮತ್ತೊಮ್ಮೆ ಸದ್ದಿನ ಮುಳ್ಳು ಸೊನ್ನೆಗೆ ಬಂತು. ಅಧಿಕಾರಿ ಅಂಗೈಯಲ್ಲಿದ್ದ ಗುಂಡಿಗಳನ್ನು ಒಮ್ಮೆ ನೋಡಿದರು, ವಿವರಣೆ ಬರೆಯುವ ಕಷ್ಟವನ್ನು ಮನಸ್ಸಿನಲ್ಲೇ ತೂಗಿದರು. ಆಮೇಲೆ ಮುಂದೆ ಬಂದು ಯಜಮಾನರ ಕೈ ಕುಲುಕಿ, ದೇಶ ನಿಮ್ಮಿಂದ ಬಹಳ ನಿರೀಕ್ಷಿಸುತ್ತಿದೆ ಎಂದರು.

ಯಜಮಾನರು ಗೆದ್ದಿದ್ದರು. ನಂಬಲಾರದೆ ಎರಡು ಸಲ ಕೇಳಿದರು, ಎರಡು ಸಲವೂ ಹೌದೆಂದರು. ಗುಮಾಸ್ತ ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದರು. ಸಂಶೋಧನೆ ರಹಸ್ಯ, ಗೆದ್ದ ವಿಷಯ ಹೆಂಡತಿಗೂ ಹೇಳುವಂತಿಲ್ಲ, ಗುಂಡಿ ಎಂಬ ಹೆಸರನ್ನು ಹೊರಗಿನವರ ಎದುರು ಉಚ್ಚರಿಸುವಂತೆಯೇ ಇಲ್ಲ ಎಂದು ಅವನು ಓದಿ ಹೇಳಿದ್ದಕ್ಕೂ ಆಗಲಿ ಎಂದರು. ಸಂತೋಷದಲ್ಲಿದ್ದ ಮನುಷ್ಯ ಯಾವುದಕ್ಕೆ ಬೇಡವೆನ್ನುತ್ತಾನೆ. ಮೇಷ್ಟ್ರೂ ಸಹಿ ಹಾಕಿದರು. ಅವರಿಗಂತೂ ನಡೆದದ್ದನ್ನು ಯಾರಿಗಾದರೂ ಹೇಳುವ ಆಸೆ ಮೊದಲೇ ಇರಲಿಲ್ಲ. ಬಾಗಿಲಲ್ಲಿ ಕಾದಿದ್ದ ಅವಕಾಶಯ್ಯ ಏನಾಯಿತೆಂದು ಪೀಡಿಸಿದಾಗ ಇಬ್ಬರೂ ತುಟಿ ಬಿಗಿದುಕೊಂಡು ಬಸ್ಸು ಹತ್ತಿದರು. ಸೋತಿದ್ದಾರೆ ಎಂದು ಅವಕಾಶಯ್ಯ ತಾವೇ ತೀರ್ಮಾನಿಸಿ, ಮುಂದಿನ ನಿಲ್ದಾಣದಲ್ಲಿ ಮೆಲ್ಲಗೆ ಇಳಿದುಕೊಂಡರು.

ದಾರಿಯುದ್ದಕ್ಕೂ ಯಜಮಾನರು ಮನಸ್ಸಿನಲ್ಲೇ ಶೆಡ್ಡಿಗೆ ಸುಣ್ಣ ಹೊಡೆಸಿದರು, ಯಂತ್ರಕ್ಕೆ ಎಣ್ಣೆ ಹಾಕಿದರು. ಸಂಶೋಧನೆಯಲ್ಲಿ ಏನು ಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಕೊಟ್ಟವರಿಗೂ ಗೊತ್ತಿರಲಿಲ್ಲವಾದ್ದರಿಂದ ಅದೊಂದು ದೊಡ್ಡ ತೊಂದರೆ ಅನ್ನಿಸಲಿಲ್ಲ. ತಮ್ಮ ಯಂತ್ರದ ಮುಂದೆ ತಾವು ಕೂತಿದ್ದರೆ ಸಾಕಾಗಿತ್ತು.

ಮನೆಯ ಮುಂದೆ ಹಸಿರು ವ್ಯಾನೊಂದು ನಿಂತಿತ್ತು. ಸರ್ಕಾರದಲ್ಲಿ ಯಾವ ಕೆಲಸವೂ ಅಷ್ಟು ಬೇಗ ಆದದ್ದನ್ನು ಯಜಮಾನರು ಕಂಡಿರಲಿಲ್ಲ. ಶೆಡ್ಡಿನ ಬಾಗಿಲಿಗೆ ಅವರದಲ್ಲದ ಬೀಗ, ಬೀಗಕ್ಕೆ ಅರಗಿನ ಮುದ್ರೆ, ಅದರ ಪಕ್ಕ ಬಂದೂಕು ಹಿಡಿದ ಕಾವಲಿನವ. ಬೀದಿಯವರೆಲ್ಲ ದೂರದಲ್ಲಿ ಗುಂಪು ಕಟ್ಟಿ, ಪಾಪ, ಜಪ್ತಿ ಮಾಡಿದರಂತೆ ಎಂದು ಮಾತಾಡಿಕೊಳ್ಳುತ್ತಿದ್ದರು. ಯಜಮಾನರು ನೇರವಾಗಿ ಬಾಗಿಲ ಬಳಿ ಹೋದರು. ಕಾವಲಿನವ ಅಡ್ಡ ಬಂದ.

“ಇದು ರಹಸ್ಯ ಸ್ಥಳ. ಅನುಮತಿ ಪತ್ರ ಇದೆಯಾ?”

“ಇದು ನಂದೇ ಕಣಪ್ಪಾ. ಒಳಗಿರೋದೆಲ್ಲ ನಂದೇ ಗುಂಡಿ.”

ಕಾವಲಿನವನ ಕಣ್ಣು ಕಿರಿದಾಯಿತು. “ಒಳಗೆ ಅದೇ ಇದೆ ಅಂತ ನಿಮಗೆ ಹೇಗೆ ಗೊತ್ತು?”

ಯಜಮಾನರು ನಾಲಿಗೆ ಕಚ್ಚಿಕೊಂಡರು. ವ್ಯಾನಿನಲ್ಲಿದ್ದವರು ಇಳಿದು ಬಂದು ಸ್ವಲ್ಪ ಮರ್ಯಾದೆಯಿಂದಲೇ ವಿವರಿಸಿದರು. ರಕ್ಷಣಾ ಸಂಶೋಧನೆಯ ಸ್ಥಳಕ್ಕೆ ಹಿನ್ನೆಲೆ ಪರಿಶೀಲನೆಯಾಗದ ಯಾರೂ ಹೋಗುವಂತಿಲ್ಲ, ಸಂಶೋಧಕನೂ ಹೋಗುವಂತಿಲ್ಲ. ಪರಿಶೀಲನೆ ಯಾವಾಗ ಮುಗಿಯುತ್ತದೆ ಎಂದು ಹೇಳಲಾಗದು. ಹಿಂದಿನ ಸಂಶೋಧಕರೊಬ್ಬರ ಅನುಮತಿ ಅವರ ಮಗನ ಕೈಗೆ ಬಂದಿತ್ತು. ನಿಧಿ ಯಾವಾಗ ಕೈಗೆ ಬರುತ್ತದೆ ಎಂದು ಯಜಮಾನರು ಕೇಳಿದರು. ಒಳಗೆ ಹೋಗಿ ಸಂಶೋಧನೆ ಮಾಡಿ ಮೊದಲ ವರದಿ ಕೊಟ್ಟ ಮೇಲೆ ಎಂದರು. ಪರಿಶೀಲನೆ ಬೇಗ ಶುರುವಾಗಲು ಏನಾದರೂ ದಾರಿ ಇದೆಯೇ ಎಂದು ಕೇಳಿದ್ದಕ್ಕೆ ಒಂದು ದಾರಿ ಇತ್ತು. ಅರ್ಜಿದಾರ ಮರ್ಯಾದಸ್ಥ, ತನ್ನ ಬಳಿ ದಿನಾ ಕೆಲಸಕ್ಕೆ ಬರುತ್ತಾನೆ ಎಂದು ಉದ್ಯೋಗ ಕೊಟ್ಟವರು ಯಾರಾದರೂ ಜಾಮೀನು ಹಾಕಬೇಕು. ದಿನಾ ಬರುತ್ತಾನೋ ಇಲ್ಲವೋ ಎಂದು ಇಲಾಖೆಯವರು ಬಂದು ನೋಡಿಹೋಗುತ್ತಾರೆ.

ಯಜಮಾನತಿ ಹೊಸಿಲ ಮೇಲೆ ನಿಂತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಬಂದಳು.

“ಹೋಗ್ಲಿ ಬಿಡ್ರೀ. ನೀವು ಸೋತ್ರೂ ನಂಗೇನೂ ಬೇಜಾರಿಲ್ಲ.”

ನಾನು ಗೆದ್ದಿದ್ದೇನೆ ಕಣೇ ಎನ್ನುವ ಮಾತು ಯಜಮಾನರ ಗಂಟಲವರೆಗೆ ಬಂತು. ಕಾವಲಿನವ ಇತ್ತಲೇ ನೋಡುತ್ತಿದ್ದ. ಅವರು ಹೆಂಡತಿಯ ಕೈ ಹಿಡಿದು ಸುಮ್ಮನೆ ನಿಂತರು. ಮದುವೆಯಾದಂದಿನಿಂದ ಅವಳಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ. ಮುಚ್ಚಿಡುವಂಥದ್ದು ಒಂದೂ ಆಗಿರಲಿಲ್ಲ. ಬದುಕಿನಲ್ಲಿ ಗೆದ್ದದ್ದು ಒಂದೇ ಸಲ, ಅದನ್ನು ಹೇಳುವಂತಿರಲಿಲ್ಲ.

ಭಾಮೈದ ಜಾಮೀನು ಬರೆದುಕೊಡಲು ಒಂದು ಗಳಿಗೆಯೂ ಹಿಂದೆಮುಂದೆ ನೋಡಲಿಲ್ಲ. ಯಾಕೆ, ಏನು ಎಂದೂ ಕೇಳಲಿಲ್ಲ; ಭಾವ ಏನೋ ಕಷ್ಟದಲ್ಲಿದ್ದಾರೆ ಅಂದುಕೊಂಡ. ‘ಇವರು ನಮ್ಮ ಜಿಪ್ ಅಂಗಡಿಯ ಕಾಯಂ ನೌಕರರು’ ಎಂದು ಬರೆದು ಮೊಹರು ಒತ್ತಿದ. ನಾಳೆಯಿಂದ ಯಾಕೆ, ಅಂಗಡಿ ಇನ್ನೂ ತೆರೆದಿದೆ, ಇಲಾಖೆಯವರು ಇವತ್ತೇ ಬಂದರೂ ಬಂದರು ಎಂದು ಭಾವನನ್ನು ಕೈಹಿಡಿದು ಕರೆದುಕೊಂಡು ಹೋಗಿ ಹೊಸ ಕುರ್ಚಿಯಲ್ಲಿ ಕೂರಿಸಿದ. ಕುರ್ಚಿಯ ದಿಂಬಿಗೂ ಜಿಪ್ ಇತ್ತು.

ದೀಪ ಹಚ್ಚುವ ಹೊತ್ತಿಗೆ ವಯಸ್ಸಾದ ಹೆಂಗಸೊಬ್ಬಳು ಗಾಜಿನ ಬಾಗಿಲು ತಳ್ಳಿಕೊಂಡು ಬಂದಳು. ಕೈಯಲ್ಲಿ ಹಳೆಯ ಅಂಗಿ. ಅದರಲ್ಲಿ ಒಂದು ಗುಂಡಿ ಕಿತ್ತುಹೋಗಿತ್ತು, ಉಳಿದವು ನಾಲ್ಕು ತೂತಿನ, ಅಂಚು ದುಂಡಗೆ ಸವರಿದ, ಯಜಮಾನರ ಶೆಡ್ಡಿನಲ್ಲೇ ಹುಟ್ಟಿದ ಗುಂಡಿಗಳು. ಅಂಗಡಿ ಅಂಗಡಿ ಅಲೆದೆ, ಎಲ್ಲೂ ಸಿಗಲಿಲ್ಲ, ಎಷ್ಟಾದರೂ ಕೊಡುತ್ತೇನೆ, ಇಂಥದೇ ಗುಂಡಿ ಇದೆಯೇನಪ್ಪಾ ಎಂದು ಕೇಳಿದಳು.

ಯಜಮಾನರು ಅಂಗಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಬೆರಳಾಡಿಸಿದರು. ಬಾಗಿಲಾಚೆ ಹಸಿರು ವ್ಯಾನು ನಿಧಾನಕ್ಕೆ ಹಾದುಹೋಯಿತು.

“ಅದೇನು ಅಂತಾನೇ ನಂಗೆ ಗೊತ್ತಿಲ್ಲ ತಾಯಿ,” ಎಂದರು. “ಜಿಪ್ ಇದೆ, ಕೊಡ್ಲಾ?”